ಡಿಸ್ಕ್ ಕೀಳೋ ಕೆಲಸ

ಊರಿಗೆ ಹೋದಾಗಲೆಲ್ಲ ಅತ್ತೆಯದು ಒಂದೇ ಪ್ರಶ್ನೆ. "ಅಲ್ಲ ಕಣೇ, ಬೆಂಗಳೂರಲ್ಲಿ ದಿನಾ ಬೆಳಗ್ಗೆಯಿಂದ ರಾತ್ರಿವರೆಗೂ ಅದೇನು ಮಾಡ್ತೀಯ?" ಸಾಫ್ಟ್‌ವೇರ್ ಅಂದರೆ ಅವರಿಗೆ ಸಮಾಧಾನ ಆಗೋದಿಲ್ಲ. ಈ ಸಲ ಇದ್ದದ್ದನ್ನ ಇದ್ದ ಹಾಗೇ ಹೇಳಿಬಿಟ್ಟೆ. "ಓಡ್ತಾ ಇರೋ ಕಂಪ್ಯೂಟರಿಂದ ಡಿಸ್ಕ್ ಕೀಳ್ತೀನಿ ಅತ್ತೆ. ಆಮೇಲೆ ಅದು ಬಿದ್ದುಹೋಗುತ್ತಾ, ಎದ್ದು ನಿಂತಿರುತ್ತಾ ಅಂತ ನೋಡ್ತೀನಿ." ಅತ್ತೆ ಒಂದು ನಿಮಿಷ ಸುಮ್ಮನಿದ್ದು, "ಅದಕ್ಕೆ ಸಂಬಳ ಬೇರೆ ಕೊಡ್ತಾರಾ?" ಅಂದರು :-)

ಕೊಡ್ತಾರೆ. ಲಿನಕ್ಸ್ ಕರ್ನಲ್‌ನಲ್ಲಿ ಡಿಸ್ಕ್ ಬರೋದು ಹೋಗೋದನ್ನ ನೋಡಿಕೊಳ್ಳುವ ಭಾಗದ ಮೇಲೆ ನಾಲ್ಕು ವರ್ಷದಿಂದ ಕೆಲಸ ಮಾಡ್ತಿದ್ದೀನಿ. ಈ ಬ್ಲಾಗಿನಲ್ಲಿ ಇಷ್ಟು ದಿನ ಸಿನಿಮಾ, ಪುಸ್ತಕ, ಬಸ್ಸಿನ ಜಗಳ ಎಲ್ಲ ಬರೆದೆ, ಕೆಲಸದ ಬಗ್ಗೆ ಒಂದಕ್ಷರ ಬರೆದಿರಲಿಲ್ಲ. ಹೋದ ತಿಂಗಳು ನಮ್ಮ ಹೈಸ್ಕೂಲ್ ಮೇಷ್ಟ್ರ ಪೆನ್‌ಡ್ರೈವ್ ಕಥೆ ನಡೆದ ಮೇಲೆ ಬರೆಯಲೇಬೇಕು ಅನ್ನಿಸಿತು. ಕಥೆಗೆ ಆಮೇಲೆ ಬರ್ತೀನಿ. ಕಂಪ್ಯೂಟರ್ ಓದದವರು ಹೆದರಿ ಓಡಬೇಡಿ, ಕೋಡ್ ಒಂದು ಸಾಲೂ ಇಲ್ಲ.

ಬ್ಯಾಂಕು, ಆಸ್ಪತ್ರೆ, ರೈಲ್ವೆ ಟಿಕೆಟ್ಟು ಇಂಥದ್ದರ ಹಿಂದೆ ಇರೋ ಸರ್ವರುಗಳನ್ನ ಆಫ್ ಮಾಡೋ ಹಾಗಿಲ್ಲ. ಆದರೆ ಅದರೊಳಗಿನ ಡಿಸ್ಕುಗಳು ಸಾಯ್ತಾನೇ ಇರುತ್ತವೆ. ಹಾಗಾಗಿ ಮೆಷಿನ್ ಓಡ್ತಿರುವಾಗಲೇ ಸತ್ತ ಡಿಸ್ಕ್ ಎಳೆದು ಹೊಸದನ್ನ ತಳ್ಳಬೇಕು. ಹಾಟ್ ಸ್ವ್ಯಾಪ್ ಅಂದರೆ ಅಷ್ಟೇ. ಮುಂದುಗಡೆ ಸಾಲಾಗಿ ಗೂಡುಗಳು, ಒಂದೊಂದು ಗೂಡಿನಲ್ಲಿ ಒಂದೊಂದು ಡಿಸ್ಕು, ಎಳೆಯೋಕೆ ಒಂದು ಹಿಡಿ, ಪಕ್ಕದಲ್ಲಿ ಎರಡು ಪುಟ್ಟ ದೀಪ.

ಇದರಲ್ಲಿ ಹಾರ್ಡ್‌ವೇರಿನವರು ಮಾಡಿಟ್ಟಿರುವ ಒಂದು ಸಣ್ಣ ಜಾಣತನ ನನಗೆ ತುಂಬಾ ಇಷ್ಟ. ಸಾಟಾ ಡಿಸ್ಕಿನ ಕನೆಕ್ಟರಿನಲ್ಲಿ ಎಲ್ಲ ಪಿನ್ನುಗಳೂ ಒಂದೇ ಕ್ಷಣಕ್ಕೆ ತಾಗೋದಿಲ್ಲ. ಡಿಸ್ಕನ್ನ ಒಳಗೆ ತಳ್ಳಿದಾಗ ಮೊದಲು ಗ್ರೌಂಡ್ ಸಂಪರ್ಕ ಆಗುತ್ತೆ, ಆಮೇಲೆ ಮಿತವಾಗಿ ಕರೆಂಟ್ ಹರಿಸೋ ಪಿನ್ನುಗಳು, ಕೊನೆಗೆ ಉಳಿದದ್ದು. ಒಮ್ಮೆಲೇ ಕರೆಂಟ್ ನುಗ್ಗಿ ಪಕ್ಕದ ಡಿಸ್ಕುಗಳಿಗೆ ಜರ್ಕ್ ಹೊಡೆಯಬಾರದು ಅಂತ ಈ ಏರ್ಪಾಡು. ಎಳೆಯುವಾಗ ಇದೇ ಕ್ರಮ ತಿರುಗಾಮುರುಗಾ, ಗ್ರೌಂಡ್ ಎಲ್ಲಕ್ಕಿಂತ ಕೊನೆಗೆ ಬಿಡುತ್ತೆ. ತಿರುಗುವ ಡಿಸ್ಕಾದರೆ ಇನ್ನೊಂದು ವಿಶೇಷ ಇದೆ. ಕರೆಂಟ್ ಹೋದ ಗಳಿಗೆಯಲ್ಲಿ ಪ್ಲೇಟಿನ್ನೂ ತಿರುಗ್ತಿರುತ್ತಲ್ಲ, ಆ ತಿರುಗುವ ಶಕ್ತಿಯಿಂದಲೇ ಚೂರು ಕರೆಂಟ್ ಹುಟ್ಟಿಸಿಕೊಂಡು ಡಿಸ್ಕು ತನ್ನ ಹೆಡ್ಡನ್ನ ಸುರಕ್ಷಿತ ಜಾಗಕ್ಕೆ ಎಳೆದುಕೊಳ್ಳುತ್ತೆ. ಹೀಗೆ ಎಷ್ಟು ಸಲ ಆಯ್ತು ಅಂತ ತನ್ನೊಳಗೇ ಲೆಕ್ಕ ಕೂಡ ಇಡುತ್ತೆ. ನಮ್ಮ ಲ್ಯಾಬಿನ ಡಿಸ್ಕುಗಳಲ್ಲಿ ಆ ಲೆಕ್ಕ ನೋಡಿದರೆ ಪಾಪ ಅನ್ನಿಸುತ್ತೆ.

ಅಂದರೆ ಹಾರ್ಡ್‌ವೇರು ತಯಾರಾಗೇ ಇರುತ್ತೆ. ಕಷ್ಟ ಇರೋದು ಕರ್ನಲ್‌ಗೆ.

ಡಿಸ್ಕು ಹೋಗೋದರಲ್ಲಿ ಎರಡು ಬಗೆ. ಒಂದು ಹೇಳಿ ಹೋಗೋದು. "ಈ ಡಿಸ್ಕ್ ತೆಗೀತೀನಿ" ಅಂತ ಮೊದಲೇ ಹೇಳಿದರೆ ಕರ್ನಲ್ ಬರೆಯೋಕೆ ಬಾಕಿ ಇರೋದನ್ನ ಬರೆದು, ಡಿಸ್ಕಿನ ಒಳಗಿನ ಕ್ಯಾಶ್ ಖಾಲಿ ಮಾಡಿಸಿ, ಮೋಟಾರ್ ನಿಲ್ಲಿಸಿ, ದಾರಿ ಬಿಟ್ಟುಕೊಡುತ್ತೆ. ಇನ್ನೊಂದು ಹೇಳದೇ ಹೋಗೋದು. ಯಾರೋ ಬಂದು ಹಿಡಿ ಒತ್ತಿ ಎಳೆದುಬಿಟ್ಟರು, ಮುಗೀತು. ಪುಸ್ತಕದಲ್ಲಿ ಮೊದಲನೇ ಬಗೆಯೇ ಸರಿ, ಆದರೆ ನನ್ನ ಕೆಲಸವೆಲ್ಲ ಎರಡನೇದರ ಮೇಲೆ. ಯಾಕೆಂದರೆ ಲೋಕದಲ್ಲಿ ನಡೆಯೋದು ಅದೇ.

ಒಂದು ಕಡೆ ನಡೆದದ್ದು ಹೇಳ್ತೀನಿ, ಯಾವ ಕಂಪನಿ ಅಂತ ಕೇಳಬೇಡಿ. ಏಳನೇ ಗೂಡಿನ ಡಿಸ್ಕು ಸತ್ತಿದೆ ಅಂತ ಮೆಷಿನ್ನು ಮೇಲ್ ಕಳಿಸಿತು. ಟೆಕ್ನಿಷಿಯನ್ ಬಂದ, ಎಡಗಡೆಯಿಂದ ಎಣಿಸಿದ, ಏಳನೇದನ್ನ ಎಳೆದ. ಮೆಷಿನ್ನು ಎಣಿಸೋಕೆ ಶುರು ಮಾಡೋದು ಸೊನ್ನೆಯಿಂದ, ಮನುಷ್ಯರು ಒಂದರಿಂದ! ಈಗ ಸತ್ತದ್ದು ಒಳಗಿದೆ, ಬದುಕಿದ್ದು ಅವನ ಕೈಯಲ್ಲಿದೆ. ಅಲ್ಲಿ ರೇಡ್ ಎರಡು ಡಿಸ್ಕ್ ಹೋದರೂ ತಡೆಯೋ ಥರದ್ದಾಗಿತ್ತು, ಅದೃಷ್ಟ. ವಾಪಸ್ ತಳ್ಳಿದ ಮೇಲೆ, ಅದು ಹೊರಗಿದ್ದ ಹೊತ್ತಿನಲ್ಲಿ ಏನೇನು ಬದಲಾಗಿತ್ತೋ ಅಷ್ಟನ್ನು ಮಾತ್ರ ಮತ್ತೆ ಬರೆದುಕೊಂಡು ಸುಧಾರಿಸಿಕೊಂಡಿತು. ಬಿಟ್‌ಮ್ಯಾಪ್ ಅಂತ ಒಂದು ಗುರುತಿನ ಪಟ್ಟಿ ಇಟ್ಟುಕೊಂಡಿರುತ್ತೆ, ಅದರ ಪುಣ್ಯ. ಇಲ್ಲದಿದ್ದರೆ ಡಿಸ್ಕ್ ಪೂರ್ತಿ ಮತ್ತೆ ಬರೆಯಬೇಕಿತ್ತು.

ಸರಿ, ಹೇಳದೇ ಎಳೆದರು ಅಂತಿಟ್ಟುಕೊಳ್ಳಿ. ಕರ್ನಲ್‌ಗೆ ಅದು ಗೊತ್ತಾಗೋದು ಹೇಗೆ?

ಸಾಟಾದಲ್ಲಿ ವೈರಿನ ಆ ಕಡೆ ಸಿಗ್ನಲ್ ನಿಂತುಹೋಗುತ್ತೆ, ಕಂಟ್ರೋಲರ್ ಒಂದು ಇಂಟರಪ್ಟ್ ಕೊಡುತ್ತೆ. ಆದರೆ ಕರ್ನಲ್ ಅದನ್ನ ತಕ್ಷಣ ನಂಬೋದಿಲ್ಲ. ಕನೆಕ್ಟರ್ ಸಡಿಲ ಇದ್ದು ಸಿಗ್ನಲ್ ಹೋಗಿ ಬಂದು ಮಾಡ್ತಿರಬಹುದಲ್ಲ? ಹಾಗಾಗಿ 25 ಮಿಲಿಸೆಕೆಂಡಿಗೆ ಒಂದು ಸಲ ಇಣುಕಿ ನೋಡುತ್ತೆ. ಅರ್ಧ ಸೆಕೆಂಡ್ ಒಂದೇ ಸ್ಥಿತಿಯಲ್ಲಿದ್ದರೆ ಮಾತ್ರ ಮುಂದಿನ ಹೆಜ್ಜೆ. ಆಮೇಲೂ ಒಂದೆರಡು ಸಲ ರೀಸೆಟ್ ಮಾಡಿ ಕರೆದು ನೋಡಿ, ಉತ್ತರ ಬರದಿದ್ದರೆ ಆಗ ಹೋಯ್ತು ಅಂತ ಬರೆಯುತ್ತೆ. ನಾವು ಟೆಸ್ಟ್ ಮಾಡುವಾಗ ಬೇಕಂತಲೇ ಅರ್ಧ ಎಳೆದು ಮತ್ತೆ ತಳ್ಳೋದು, ಎಳೆದ ತಕ್ಷಣ ಬೇರೆ ಡಿಸ್ಕ್ ತಳ್ಳೋದು, ಇಂಥ ಕಿತಾಪತಿಯೆಲ್ಲ ಮಾಡ್ತೀವಿ. ಕೈ ನೋವು ಬಂದರೆ ರಿಲೇ ಬೋರ್ಡ್ ಇದೆ, ರಾತ್ರಿಯೆಲ್ಲ ತಾನೇ ಕರೆಂಟ್ ಕಡಿದು ಕೊಟ್ಟು ಮಾಡ್ತಿರುತ್ತೆ.

ಈಗ ಹೆಚ್ಚಾಗಿ ಬರ್ತಿರೋ ಎನ್‌ವಿಎಂಇ ಡಿಸ್ಕುಗಳ ಕಥೆ ಇನ್ನೂ ಮಜಾ. ಅವು ನೇರ ಪಿಸಿಐ ಎಕ್ಸ್‌ಪ್ರೆಸ್ ಮೇಲೆ ಕೂತಿರುತ್ತವೆ. ಅಲ್ಲಿ ಇಲ್ಲದ ಡಿಸ್ಕನ್ನ "ಹೇಗಿದ್ದೀಯ?" ಅಂತ ಕೇಳಿದರೆ ಮೌನ ಬರೋದಿಲ್ಲ, ಸಾಮಾನ್ಯವಾಗಿ ಎಲ್ಲ ಬಿಟ್ಟುಗಳೂ ಒಂದೇ ಆಗಿರೋ ಉತ್ತರ ಬರುತ್ತೆ. ಅಂದರೆ ಕೇಳಿದ್ದಕ್ಕೆಲ್ಲ ಹೌದು. ರೆಡಿ ಇದ್ದೀಯ? ಹೌದು. ತಪ್ಪಾಗಿದೆಯಾ? ಹೌದು. ಇನ್ನೂ ಕೆಲಸ ಮಾಡ್ತಿದ್ದೀಯ? ಹೌದು. ಹಳೇ ಡ್ರೈವರ್ ಒಂದು "ಇನ್ನೂ ಕೆಲಸ ಮಾಡ್ತಿದ್ದೀನಿ ಅನ್ನೋ ಬಿಟ್ಟು ಸೊನ್ನೆ ಆಗೋವರೆಗೂ ಕಾಯಿ" ಅಂತ ಬರೆದಿಟ್ಟಿದ್ದರೆ ಪಾಪ ಅದು ಕಲ್ಪಾಂತ್ಯದವರೆಗೂ ಕಾಯುತ್ತಾ ಕೂರುತ್ತೆ. ಆದ್ದರಿಂದ ಡ್ರೈವರ್ ಬರೆಯೋರು ಎಲ್ಲದಕ್ಕೂ ಹೌದು ಅನ್ನೋ ಉತ್ತರ ಬಂದರೆ ಮೊದಲು ಅನುಮಾನ ಪಡಬೇಕು. (ಮನುಷ್ಯರ ವಿಷಯದಲ್ಲೂ ಅಂತ ಯಾರೋ ಕಾಮೆಂಟ್ ಹಾಕ್ತೀರಿ, ಗೊತ್ತು.)

ಇದೆಲ್ಲ ಲಿನಕ್ಸಿಗೆ ಹುಟ್ಟಿದಾಗಿನಿಂದ ಬಂದದ್ದೇನಲ್ಲ. 2.4ರ ಕಾಲದಲ್ಲಿ ಹೊಸ ಸ್ಕಸಿ ಡಿಸ್ಕ್ ಹಾಕಿದರೆ "ಇಂಥ ಕಡೆ ಒಂದು ಡಿಸ್ಕ್ ಬಂದಿದೆ, ಸೇರಿಸಿಕೋ" ಅಂತ ನಾವೇ ಟೈಪ್ ಮಾಡಿ ತಿಳಿಸಬೇಕಿತ್ತು. 2003ರ ಡಿಸೆಂಬರಿನಲ್ಲಿ ಬಂದ 2.6ರಲ್ಲಿ ಎಲ್ಲ ಸಾಧನಗಳಿಗೂ ಒಂದೇ ಥರದ ಲೆಕ್ಕದ ಪುಸ್ತಕ ಬಂತು, ಸಿಸ್‌ಎಫ್‌ಎಸ್ ಬಂತು. ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಬರೆದ ಯುಡೆವ್ ಕೂಡ ಅದೇ ಹೊತ್ತಿನದು, ಬಂದ ಸಾಧನಗಳಿಗೆ ಹೆಸರಿಡೋ ಪುರೋಹಿತ. ಸಾಟಾ ಡಿಸ್ಕುಗಳಿಗೆ ಸರಿಯಾದ ಹಾಟ್ ಪ್ಲಗ್ ಬಂದದ್ದು 2006ರ ಸೆಪ್ಟೆಂಬರಿನ 2.6.18ರಲ್ಲಿ, ತೇಜುನ್ ಹಿಯೋ ಅವರ ಕೆಲಸದಿಂದ. ನಾನಾಗ ಮೂರನೇ ಕ್ಲಾಸು, ಮಗ್ಗಿ ಒಪ್ಪಿಸ್ತಿದ್ದೆ. ಈಗ ಅವರ ಕೋಡ್ ಓದಿ ಹೊಟ್ಟೆ ಹೊರೆಯುತ್ತಿದ್ದೀನಿ.

ಡಿಸ್ಕು ಹೋಯ್ತು ಅಂತ ಗೊತ್ತಾಯ್ತು ಅನ್ನಿ. ಹೊರಗಿನವರು ಇಲ್ಲಿಗೆ ಕೆಲಸ ಮುಗೀತು ಅಂದುಕೊಳ್ತಾರೆ. ಇಲ್ಲಿಂದಲೇ ಶುರು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನನ್ನ ಬೆಚ್ಚಿಬೀಳಿಸಿದ ದೃಶ್ಯ ಇದು. ಒಂದು ಹಳೇ ಕರ್ನಲ್ ಓಡ್ತಿದ್ದ ಮೆಷಿನ್ನಿಂದ ಡಿಸ್ಕ್ ಎಳೆದೆ. ಅದು ನನ್ನ ಎಡಗೈಯಲ್ಲಿದೆ, ಇನ್ನೂ ಬಿಸಿ ಇದೆ. ಬಲಗೈಯಲ್ಲಿ ಎಲ್‌ಎಸ್ ಅಂತ ಟೈಪ್ ಮಾಡಿದೆ. ಕಡತಗಳ ಹೆಸರೆಲ್ಲ ಸಾಲಾಗಿ ಬಂದವು! ಒಂದು ಸಣ್ಣ ಕಡತ ತೆರೆದೆ, ಅದೂ ತೆರೆದುಕೊಂಡಿತು. ಮೊದಲೇ ಓದಿದ್ದು ಮೆಮೊರಿಯಲ್ಲಿ ಉಳಿದಿತ್ತು, ಕರ್ನಲ್ ಅಲ್ಲಿಂದಲೇ ಎತ್ತಿ ಕೊಡ್ತಿತ್ತು. ಓದದೇ ಇದ್ದ ಕಡತ ಕೇಳಿದಾಗ ಮಾತ್ರ ಎರರ್. ಏನೋ ಬರೆಯೋಕೆ ಹೋದಾಗ ಫೈಲ್ ಸಿಸ್ಟಂ ಗಾಬರಿಯಾಗಿ ಬರೆಯೋ ಬಾಗಿಲು ಹಾಕಿಕೊಂಡಿತು. ಕೆಳಗಿನ ಪದರಕ್ಕೆ ಡಿಸ್ಕು ಹೋದದ್ದು ಗೊತ್ತು, ಮೇಲಿನ ಫೈಲ್ ಸಿಸ್ಟಮ್ಮಿಗೆ ಯಾರೂ ಹೇಳಿಲ್ಲ. ಮನೆ ಯಜಮಾನ ಹೋಗಿ ಮೂರು ದಿನ ಆದಮೇಲೂ ಅವರ ಹೆಸರಿಗೆ ಕಾಗದ ಬರುತ್ತಲ್ಲ, ಹಾಗೆ. 2023ರಲ್ಲಿ ಬಂದ 6.5ರಿಂದ ಇದು ಸುಧಾರಿಸಿದೆ. ಡಿಸ್ಕ್ ಸತ್ತಿದೆ ಅಂತ ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್‌ನಂಥ ಫೈಲ್ ಸಿಸ್ಟಂಗಳಿಗೆ ನೇರವಾಗಿ ತಿಳಿಸೋ ದಾರಿ ಆಯ್ತು, ಅವು ಅಂಗಡಿ ಮುಚ್ಚುತ್ತವೆ. ಲಿನಕ್ಸ್ ಶುರುವಾದದ್ದು 1991ರಲ್ಲಿ. ಇಷ್ಟು ಸಣ್ಣ ಮಾತು ಮೇಲಕ್ಕೆ ಮುಟ್ಟೋಕೆ ಮೂವತ್ತೆರಡು ವರ್ಷ!

ಯಾಕಿಷ್ಟು ಕಷ್ಟ ಅಂದರೆ, ಡಿಸ್ಕು ಒಂದೇ ಆದರೂ ಕರ್ನಲ್‌ನಲ್ಲಿ ಅದನ್ನ ಹಿಡಿದುಕೊಂಡವರು ಹತ್ತು ಜನ. ಫೈಲ್ ಸಿಸ್ಟಂ ಹಿಡಿದಿದೆ. ರೇಡ್ ಹಿಡಿದಿದೆ. ಯಾವುದೋ ಪ್ರೋಗ್ರಾಂ ಕಡತ ತೆರೆದು ಕೂತಿದೆ. ಅರ್ಧಕ್ಕೆ ನಿಂತ ಕಮಾಂಡುಗಳು ಉತ್ತರಕ್ಕೆ ಕಾಯ್ತಿವೆ, ಸಾಮಾನ್ಯವಾಗಿ 30 ಸೆಕೆಂಡ್ ಅವುಗಳ ಗಡುವು. ಟೈಮರುಗಳು ಇವೆ. ನಿಜವಾದ ಡಿಸ್ಕು ಹೋಗಿರಬಹುದು, ಆದರೆ ಅದರ ಬಗ್ಗೆ ಕರ್ನಲ್ ಮೆಮೊರಿಯಲ್ಲಿ ಇಟ್ಟುಕೊಂಡಿರೋ ದಾಖಲೆಯನ್ನ ಹಾಗೆ ಹರಿದು ಎಸೆಯೋ ಹಾಗಿಲ್ಲ. ಎಸೆದರೆ ಈ ಹತ್ತು ಜನರಲ್ಲಿ ಯಾರೋ ಒಬ್ಬರು ಆ ಖಾಲಿ ಜಾಗಕ್ಕೆ ಕೈ ಹಾಕ್ತಾರೆ, ಅಷ್ಟರಲ್ಲಿ ಆ ಜಾಗ ಬೇರೆ ಯಾರಿಗೋ ಸೇರಿರುತ್ತೆ. ಮೆಷಿನ್ ಪೂರ್ತಿ ಮಲಗುತ್ತೆ.

ಇದನ್ನ ಒಂದು ಭಾನುವಾರ ಅಪ್ಪನಿಗೆ ಹೇಳ್ತಿದ್ದೆ. ಅಪ್ಪ ಮೂವತ್ತು ವರ್ಷ ಲೈನ್‌ಮ್ಯಾನ್ ಆಗಿದ್ದವರು, ಓದಿದ್ದು ಎಸ್ಸೆಸ್ಸೆಲ್ಸಿ. ಪೂರ್ತಿ ಕೇಳಿ, "ಇದು ನಮ್ಮ ಎಲ್‌ಸಿ ಅಲ್ವಾ ಪುಟ್ಟಿ?" ಅಂದರು.

ಎಲ್‌ಸಿ ಅಂದರೆ ಲೈನ್ ಕ್ಲಿಯರ್. ಕಂಬ ಹತ್ತೋ ಮುಂಚೆ ಸಬ್‌ಸ್ಟೇಷನ್ ಆಪರೇಟರ್ ಹತ್ತಿರ ಎಲ್‌ಸಿ ತಗೋಬೇಕು. ಅವರು ಆ ಫೀಡರ್ ಆಫ್ ಮಾಡಿ, ಯಾರು ತಗೊಂಡರು, ಎಷ್ಟು ಹೊತ್ತಿಗೆ ಅಂತ ಬುಕ್ಕಿನಲ್ಲಿ ಬರೀತಾರೆ. ಅದೇ ಫೀಡರ್ ಮೇಲೆ ಇನ್ನೊಂದು ಗ್ಯಾಂಗ್ ಕೆಲಸ ಮಾಡೋದಿದ್ದರೆ ಅವರೂ ಬೇರೆ ಎಲ್‌ಸಿ ತಗೋಬೇಕು, ಅದಕ್ಕೆ ಬೇರೆ ಎಂಟ್ರಿ. ಒಂದು ಗ್ಯಾಂಗ್ ಕೆಳಗಿಳಿದು ಎಲ್‌ಸಿ ರಿಟರ್ನ್ ಮಾಡಿತು ಅಂತ ಲೈನ್ ಚಾರ್ಜ್ ಮಾಡೋ ಹಾಗಿಲ್ಲ. ಎಲ್ಲರದೂ ವಾಪಸ್ ಬಂದಿರಬೇಕು.

ಕರ್ನಲ್ ಮಾಡೋದು ಅಕ್ಷರಶಃ ಇದನ್ನೇ. ಡಿಸ್ಕಿನ ದಾಖಲೆಯ ಜೊತೆ ಒಂದು ಸಂಖ್ಯೆ ಇರುತ್ತೆ. ಹಿಡಿದುಕೊಂಡವರು ಒಂದು ಕೂಡಿಸಬೇಕು, ಬಿಟ್ಟವರು ಒಂದು ಕಳೀಬೇಕು. ಸೊನ್ನೆ ಆದಾಗ ಮಾತ್ರ ದಾಖಲೆ ಅಳಿಸಬಹುದು. ಎಂಜಿನಿಯರಿಂಗಿನಲ್ಲಿ ರೆಫರೆನ್ಸ್ ಕೌಂಟಿಂಗ್ ಅಂತ ಎರಡು ಮಾರ್ಕಿನ ಪ್ರಶ್ನೆಗೆ ಬರೆದು ಪಾಸಾಗಿದ್ದೆ. ಅಪ್ಪ ಅದನ್ನ ಕಂಬದ ಮೇಲೆ ಕಲಿತಿದ್ದರು.

ಆಮೇಲೆ ಅಪ್ಪ ಕೇಳಿದ ಪ್ರಶ್ನೆ ಇದೆಯಲ್ಲ, ಅದು ನಮ್ಮ ಟೀಮಿನ ಯಾವ ಮೀಟಿಂಗಿನಲ್ಲೂ ಇಷ್ಟು ಸಲೀಸಾಗಿ ಬಂದಿಲ್ಲ. "ಸರಿ, ಎಲ್‌ಸಿ ತಗೊಳ್ದೇ ಒಬ್ಬ ಹತ್ತಿರ್ತಾನೆ. ಅವನು ಬುಕ್ಕಲ್ಲೇ ಇಲ್ಲ. ಆಗೇನು ಮಾಡ್ತೀರಿ?"

ಸರಿಯಾಗಿ ಅದೇ ಬಗ್ಗಿನ ಹಿಂದೆ ನಾನು ಮೂರು ವಾರದಿಂದ ಬಿದ್ದಿದ್ದೆ! ಲ್ಯಾಬಿನಲ್ಲಿ ಡಿಸ್ಕನ್ನ ನೂರು ಸಲ ಎಳೆದರೂ ಏನೂ ಆಗ್ತಿರಲಿಲ್ಲ, ಇನ್ನೂರು ಸಲ ಎಳೆದರೂ ಆಗ್ತಿರಲಿಲ್ಲ. ಯಾವಾಗಲೋ ಒಂದು ಸಲ ಮೆಷಿನ್ ಧೊಪ್ಪನೆ ಬೀಳ್ತಿತ್ತು. ಬೀಳ್ತಿದ್ದ ಜಾಗವೂ ಒಂದೊಂದು ಸಲ ಒಂದೊಂದು, ನೆಟ್‌ವರ್ಕಿನಲ್ಲಿ ಒಮ್ಮೆ, ಮತ್ತೆಲ್ಲೋ ಒಮ್ಮೆ. ಡಿಸ್ಕಿಗೂ ಅದಕ್ಕೂ ಸಂಬಂಧವೇ ಇಲ್ಲ ಅನ್ನೋ ಹಾಗೆ. ಕೊನೆಗೆ ಕಾಸಾನ್ ಅನ್ನೋ ಸಾಧನ ಹಚ್ಚಿದ ಕರ್ನಲ್ ಹಾಕಿ ರಾತ್ರಿಯೆಲ್ಲ ಓಡಿಸಿದೆ. 2015ರಿಂದ ಕರ್ನಲ್‌ನಲ್ಲೇ ಇದೆ ಅದು. ಬಿಟ್ಟುಕೊಟ್ಟ ಮೆಮೊರಿಯನ್ನ ಯಾರಾದರೂ ಮುಟ್ಟಿದರೆ ಅಲ್ಲೇ ಹಿಡಿದು, ಯಾರು ಬಿಟ್ಟುಕೊಟ್ಟರು, ಯಾರು ಮುಟ್ಟಿದರು ಎರಡನ್ನೂ ಬರೆದಿಡುತ್ತೆ. ಬೆಳಗ್ಗೆ ಬಂದು ನೋಡಿದರೆ ಸಿಕ್ಕಿತ್ತು. ಡಿಸ್ಕಿನ ಉಷ್ಣಾಂಶ ನೋಡೋ ಒಂದು ಟೈಮರ್, ಆಗಾಗ ಎದ್ದು ಡಿಸ್ಕಿನ ದಾಖಲೆಗೆ ಕೈ ಹಾಕೋದು. ಎಷ್ಟೋ ವರ್ಷದ ಹಿಂದೆ ಬರೆದದ್ದು, ಬರೆದವರು ಕಂಪನಿ ಬಿಟ್ಟು ಹೋಗಿದ್ದಾರೆ. ಆ ಟೈಮರ್ ಲೆಕ್ಕಕ್ಕೆ ಒಂದು ಕೂಡಿಸಿಯೇ ಇರಲಿಲ್ಲ. ಎಲ್‌ಸಿ ಇಲ್ಲದೇ ಕಂಬ ಹತ್ತಿದವನು.

ಸರಿ ಮಾಡೋಕೆ ಬೇಕಾದದ್ದು ನಾಲ್ಕು ಸಾಲು. ದಾಖಲೆ ಬಿಡೋ ಮುಂಚೆ ಟೈಮರ್ ರದ್ದು ಮಾಡು, ಅದು ಆಗಲೇ ಎದ್ದು ಕೆಲಸ ಮಾಡ್ತಿದ್ದರೆ ಮುಗಿಯೋವರೆಗೂ ಕಾಯಿ. ಅಪ್ಪನಿಗೆ ಹೇಳಿದೆ. "ಕಂಬದ ಬುಡಕ್ಕೆ ಹೋಗಿ ಮೇಲೆ ನೋಡಿ ಬನ್ನಿ ಅಂತ ನಮ್ಮ ಹಳೇ ಮೇಸ್ತ್ರಿ ಹೇಳ್ತಿದ್ರು, ಬುಕ್ಕಲ್ಲಿ ಎಲ್ಲ ಸರಿ ಇದ್ರೂನು" ಅಂದರು. ಅಷ್ಟು ಹೇಳಿ ಎದ್ದು ತೋಟದ ಕಡೆ ಹೋದರು. ಅವರ ಜೊತೆ ಕೆಲಸ ಮಾಡಿದವರಲ್ಲಿ ಎಲ್ಲರೂ ಕಂಬದಿಂದ ಇಳಿದು ಬರಲಿಲ್ಲ ಅನ್ನೋದು ನನಗೆ ಚಿಕ್ಕಂದಿನಿಂದ ಗೊತ್ತು. ನಾವಿಬ್ಬರೂ ಅದರ ಬಗ್ಗೆ ಮಾತಾಡೋದಿಲ್ಲ. ನನ್ನ ಬಗ್ಗಿನಿಂದ ಬೀಳೋದು ಮೆಷಿನ್ನು, ರೀಬೂಟ್ ಮಾಡಿದರೆ ಏಳುತ್ತೆ.

ಲಿನಕ್ಸ್ ಬಳಸೋರು ಇನ್ನೊಂದು ಗಮನಿಸಿರಬಹುದು. ಎಸ್‌ಡಿಬಿ ಅಂತ ಇದ್ದ ಡಿಸ್ಕನ್ನ ಎಳೆದು ಅದೇ ಗೂಡಿಗೆ ಮತ್ತೆ ತಳ್ಳಿದರೆ ಕೆಲವೊಮ್ಮೆ ಎಸ್‌ಡಿಸಿ ಆಗಿ ಬರುತ್ತೆ. "ಅದೇ ಡಿಸ್ಕು, ಹೆಸರ್ಯಾಕೆ ಬದಲಾಯ್ತು?" ಅಂತ ಜನ ಬೈತಾರೆ. ಕಾರಣ ಇದೇ. ಹಳೇ ಎಸ್‌ಡಿಬಿಯನ್ನ ಯಾರೋ ಇನ್ನೂ ಹಿಡಿದಿದ್ದಾರೆ, ಅವರು ಬಿಡೋವರೆಗೂ ಆ ಹೆಸರು ಖಾಲಿ ಆಗೋದಿಲ್ಲ. ಹಾಗಾಗಿ ಈ ಅಕ್ಷರಗಳನ್ನ ನಂಬಿ ಸ್ಕ್ರಿಪ್ಟ್ ಬರೀಬೇಡಿ. ಯುಯುಐಡಿ ಅಥವಾ ಡಿಸ್ಕಿನ ಸೀರಿಯಲ್ ನಂಬರ್ ಹಿಡಿದುಕೊಳ್ಳಿ.

ಈಗ ಮೇಷ್ಟ್ರ ಕಥೆ.

ತಿಪಟೂರಿನ ಹತ್ತಿರ ನಮ್ಮೂರು. ನಮ್ಮ ಹೈಸ್ಕೂಲ್ ಕನ್ನಡ ಮೇಷ್ಟ್ರು ರಿಟೈರ್ ಆದಮೇಲೆ ಸುತ್ತಮುತ್ತಲ ಹಳ್ಳಿಗಳಿಗೆ ಹೋಗಿ ವಯಸ್ಸಾದ ಹೆಂಗಸರ ಹತ್ತಿರ ಸೋಬಾನೆ ಪದ, ಬೀಸೋ ಪದ ಹಾಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ತಿದ್ದಾರೆ. ಯಾರೂ ಹೇಳಿದ್ದಲ್ಲ, ದುಡ್ಡು ಕೊಡೋರಿಲ್ಲ, ಸ್ಕೂಟರಿನ ಪೆಟ್ರೋಲೂ ಅವರದೇ. ಅವರ ಹಳೇ ಲ್ಯಾಪ್‌ಟಾಪಿಗೆ ಶಿಷ್ಯನೊಬ್ಬ ಲಿನಕ್ಸ್ ಹಾಕಿಕೊಟ್ಟಿದ್ದ. ಹದಿನಾಲ್ಕು ರೆಕಾರ್ಡಿಂಗ್, ಸುಮಾರು ನಾನೂರು ಎಂಬಿ. ಫೋನಿನ ಮೆಮೊರಿ ಕಾರ್ಡ್ ತೆಗೆದು ಲ್ಯಾಪ್‌ಟಾಪಿಗೆ ಹಾಕಿ ಅಲ್ಲಿಂದ ಪೆನ್‌ಡ್ರೈವಿಗೆ ಕಾಪಿ ಮಾಡಿದರು. ಹಸಿರು ಗೆರೆ ಸರಸರ ಓಡಿ ತುದಿ ಮುಟ್ಟಿತು. ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡರು. ಕಾರ್ಡಿನಲ್ಲಿ ಜಾಗ ಬೇಕಿತ್ತು, ಅಲ್ಲಿದ್ದದ್ದನ್ನ ಅಳಿಸಿದರು. ಒಂದು ವಾರ ಬಿಟ್ಟು ಮೈಸೂರಿನಲ್ಲಿ ಒಬ್ಬರಿಗೆ ಕೇಳಿಸೋಣ ಅಂತ ಪೆನ್‌ಡ್ರೈವ್ ಚುಚ್ಚಿದರೆ ಹೆಸರುಗಳು ಮಾತ್ರ ಇದ್ದವು. ಕೆಲವಕ್ಕೆ ಗಾತ್ರ ಸೊನ್ನೆ, ಕೆಲವಕ್ಕೆ ಗಾತ್ರ ಇದ್ದರೂ ಒಳಗೆ ಹಾಡಿಲ್ಲ. ಆ ಹದಿನಾಲ್ಕರಲ್ಲಿ ನಾಲ್ಕು ಒಬ್ಬ ಅಜ್ಜಿಯವು. ರೆಕಾರ್ಡ್ ಮಾಡಿ ಎರಡು ತಿಂಗಳಿಗೆ ಅಜ್ಜಿ ತೀರಿಕೊಂಡಿದ್ದರು.

ಫೋನ್ ಮಾಡಿದ ಮೇಷ್ಟ್ರು ಬೇರೇನೂ ಹೇಳಲಿಲ್ಲ. "ಮುಗೀತು ಅಂತ ಅದೇ ತೋರಿಸ್ತಲ್ಲಮ್ಮ?" ಅಂದರು.

ತೋರಿಸಿತ್ತು. ಆದರೆ ಆ ಗೆರೆ ಹೇಳ್ತಿದ್ದದ್ದು "ಕರ್ನಲ್‌ಗೆ ಕೊಟ್ಟಾಯ್ತು" ಅಂತ, "ಪೆನ್‌ಡ್ರೈವಿಗೆ ಹೋಯ್ತು" ಅಂತ ಅಲ್ಲ. ಬರೆಯೋ ಕೆಲಸ ನಿಧಾನ ಅಂತ ಕರ್ನಲ್ ಮೊದಲು ಮೆಮೊರಿಯಲ್ಲಿ ಇಟ್ಟುಕೊಂಡು "ಆಯ್ತು" ಅನ್ನುತ್ತೆ, ಆಮೇಲೆ ಪುರುಸೊತ್ತಿನಲ್ಲಿ ಇಳಿಸುತ್ತೆ. ಸಾಮಾನ್ಯ ಲೆಕ್ಕ ಹೀಗೆ. ಬಾಕಿ ಖಾಲಿ ಮೆಮೊರಿಯ ಶೇಕಡಾ 10 ಮುಟ್ಟಿದರೆ ಇಳಿಸೋಕೆ ಶುರು, ಶೇಕಡಾ 20 ಮುಟ್ಟಿದರೆ ಕೊಡೋರನ್ನೇ ತಡೆದು ನಿಲ್ಲಿಸುತ್ತೆ. ಅಷ್ಟು ಆಗದಿದ್ದರೆ ಒಂದು ತುಣುಕು 30 ಸೆಕೆಂಡ್ ಹಳೇದಾದ ಮೇಲೆ ಇಳಿಸುತ್ತೆ. ಎಂಟು ಜಿಬಿ ಮೆಮೊರಿ ಇರೋ ಲ್ಯಾಪ್‌ಟಾಪಿಗೆ ನಾನೂರು ಎಂಬಿ ಯಾವ ಮೂಲೆಗೆ? ಪೂರ್ತಿ ನುಂಗಿ ಕೂತಿತ್ತು. ಹತ್ತು ಸೆಕೆಂಡಿನಲ್ಲಿ ಗೆರೆ ಮುಗಿಯಿತು, ಹನ್ನೊಂದನೇ ಸೆಕೆಂಡಿಗೆ ಮೇಷ್ಟ್ರು ಕಿತ್ತರು. ಕರ್ನಲ್ ಎಲ್ಲ ಲೆಕ್ಕ ಸರಿಯಾಗಿ ಇಟ್ಟುಕೊಂಡು, ಹಿಡಿದವರೆಲ್ಲ ಬಿಡೋವರೆಗೂ ಕಾದು, ಬೀಳದೇ, ಮುಗ್ಗರಿಸದೇ, ಆ ನಾನೂರು ಎಂಬಿಯನ್ನ ಅಚ್ಚುಕಟ್ಟಾಗಿ ಎಸೆಯಿತು. ಲಾಗಿನಲ್ಲಿ ಎರಡು ಸಾಲು ಬರೆದಿರುತ್ತೆ, ಮೇಷ್ಟ್ರು ಲಾಗ್ ಓದ್ತಾರಾ?

ಆಫೀಸಿನಲ್ಲಿ ಹೇಳಿದರೆ "ಎಜೆಕ್ಟ್ ಒತ್ತಬೇಕಿತ್ತು, ಯೂಸರ್ ತಪ್ಪು" ಅಂದರು. ನನಗೆ ಒಪ್ಪಿಗೆ ಇಲ್ಲ. ಕೇಳಿಸಿಕೊಂಡೆ ಅನ್ನೋದಕ್ಕೂ ಮಾಡಿ ಮುಗಿಸಿದೆ ಅನ್ನೋದಕ್ಕೂ ಒಂದೇ ಹಸಿರು ಗೆರೆ ಇಟ್ಟವರು ನಾವು. ಆ ಶೇಕಡಾ ಲೆಕ್ಕ ಇಟ್ಟ ಕಾಲದಲ್ಲಿ ಮೆಷಿನ್ನುಗಳಲ್ಲಿ ಇಷ್ಟು ಮೆಮೊರಿ ಇರಲಿಲ್ಲ, ಈಗಿನವಕ್ಕೆ ಅದು ಹೊಂದೋದಿಲ್ಲ ಅನ್ನೋ ಚರ್ಚೆ 2013ರಲ್ಲೇ ಆಗಿತ್ತು, ಲಿನಸ್ ಟೊರ್ವಾಲ್ಡ್ಸ್ ಸಹ ಒಪ್ಪಿದ್ದರು. ಡಿಫಾಲ್ಟ್ ಈಗಲೂ 10, 20. ಸಾಮಾನ್ಯ ಜನ ಬಿಡಿ, ಡೇಟಾಬೇಸ್ ಬರೆಯೋ ಘಟಾನುಘಟಿಗಳೇ ಇಂಥದ್ದರಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ. "ನಿಜವಾಗಿ ಡಿಸ್ಕಿಗೆ ಹೋಯ್ತಾ?" ಅಂತ ಕೇಳೋಕೆ ಎಫ್‌ಸಿಂಕ್ ಅಂತ ಒಂದು ಕರೆ ಇದೆ. ಒಮ್ಮೆ ಅದು ಇಲ್ಲ ಅಂದಮೇಲೆ ಎರಡನೇ ಸಲ ಕೇಳಿದರೆ ಹೌದು ಅಂದುಬಿಡಬಹುದು, ಯಾಕೆಂದರೆ ಬರೆಯೋಕಾಗದ್ದನ್ನ ಕರ್ನಲ್ ಬಾಕಿ ಪಟ್ಟಿಯಿಂದ ಅಷ್ಟರಲ್ಲಿ ತೆಗೆದುಹಾಕಿರುತ್ತೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನವರಿಗೆ ಇದು 2018ರಲ್ಲಿ ಸರಿಯಾಗಿ ಅರಿವಾಗಿ ದೊಡ್ಡ ಗದ್ದಲವಾಯ್ತು. ಈಗ ಎಫ್‌ಸಿಂಕ್ ಒಮ್ಮೆ ಸೋತರೆ ಮತ್ತೆ ಕೇಳೋದೇ ಇಲ್ಲ, ತಾನೇ ನಿಂತು ತನ್ನ ಲಾಗಿನಿಂದ ಮತ್ತೆ ಶುರು ಮಾಡಿಕೊಳ್ಳುತ್ತೆ. ಮೇಷ್ಟ್ರಿಗೆ ಅಂಥ ಲಾಗ್ ಎಲ್ಲಿಂದ ಬರಬೇಕು?

ಶನಿವಾರವೇ ಊರಿಗೆ ಹೋದೆ. ಪೆನ್‌ಡ್ರೈವಿನಲ್ಲಿ ಏನೂ ಇರೋಕೆ ಸಾಧ್ಯ ಇರಲಿಲ್ಲ, ಬರೆದೇ ಇಲ್ಲವಲ್ಲ. ಆಸೆ ಇದ್ದದ್ದು ಫೋನಿನ ಕಾರ್ಡಿನ ಮೇಲೆ. ಅಳಿಸಿದರೂ ಮೇಲೆ ಬೇರೇನಾದರೂ ಬರೆಯೋವರೆಗೂ ಒಳಗಿನದು ಸಾಮಾನ್ಯವಾಗಿ ಹಾಗೇ ಇರುತ್ತೆ. ಫೋನ್ ಮಾಡಿದ ದಿನವೇ "ಸಾರ್, ಕಾರ್ಡ್ ಹೊರಗೆ ತೆಗೆದು ಡಬ್ಬಿಯಲ್ಲಿ ಇಟ್ಟುಬಿಡಿ, ಒಂದು ಫೋಟೋನೂ ತೆಗೀಬೇಡಿ" ಅಂದಿದ್ದೆ. ಆದರೆ ಅದಕ್ಕೂ ಮುಂಚಿನ ಒಂದು ವಾರ ಫೋಟೋ, ವಾಟ್ಸಾಪ್ ವಿಡಿಯೋ ಎಲ್ಲ ಅದರ ಮೇಲೆ ಬಿದ್ದಿದ್ದವು. ಕಾರ್ಡಿನ ಪೂರ್ತಿ ನಕಲು ತೆಗೆದು, ಆ ನಕಲಿನ ಮೇಲೆ ಫೋಟೋರೆಕ್ ಓಡಿಸಿದೆ. ಹೆಸರು ಫೋಟೋರೆಕ್ ಆದರೂ ಹಾಡುಗಳನ್ನೂ ಹುಡುಕುತ್ತೆ. ಕಡತದ ಹೆಸರು ನೋಡದೇ, ಒಳಗಿನ ಗುರುತು ನೋಡಿ ಹೆಕ್ಕುತ್ತೆ. ಮೇಷ್ಟ್ರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು, ಅವರ ಮನೆಯವರು ಮೂರು ಸಲ ಕಾಫಿ ತಂದಿಟ್ಟರು.

ಹೆಸರಿಲ್ಲದ ನೂರಾರು ಕಡತ ಬಂದವು. ಒಂದೊಂದೇ ತೆರೆದು ಕೇಳಿ, ಇದು ಯಾವೂರಿನ ಯಾರು ಅಂತ ಮೇಷ್ಟ್ರು ದನಿಯಲ್ಲೇ ಗುರುತು ಹಿಡಿದು ಹೇಳ್ತಾ ಹೋದರು. ಹದಿನಾಲ್ಕರಲ್ಲಿ ಒಂಬತ್ತು ಪೂರ್ತಿ ಸಿಕ್ಕವು. ಮೂರು ಅರ್ಧಂಬರ್ಧ. ಎರಡು ಇಲ್ಲವೇ ಇಲ್ಲ. ಎಂಪಿ3 ಆಗಿದ್ದದ್ದು ಒಳ್ಳೇದಾಯ್ತು, ಬಾಲ ಕಡಿದಿದ್ದರೂ ಇದ್ದಷ್ಟು ಕೇಳುತ್ತೆ.

ತೀರಿಕೊಂಡ ಅಜ್ಜಿಯ ನಾಲ್ಕರಲ್ಲಿ ಮೂರು ಪೂರ್ತಿ ಇವೆ. ನಾಲ್ಕನೇದು ಹಸೆಗೆ ಕರೆಯೋ ಪದ, ಅರ್ಧಕ್ಕೆ, ಮಾತಿನ ನಡುವೆಯೇ ನಿಂತುಹೋಗುತ್ತೆ. ಆ ಪದ ಬೇರೆ ಯಾರಿಂದಲೂ ತಾನು ಕೇಳಿಲ್ಲ ಅಂತಾರೆ ಮೇಷ್ಟ್ರು. ಅಜ್ಜಿಯ ತವರು ಹುಳಿಯಾರಿನ ಕಡೆ ಒಂದು ಹಳ್ಳಿಯಂತೆ. ಅಲ್ಲಿ ಅವರ ಜೊತೆ ಹಾಡ್ತಿದ್ದವರು ಯಾರಾದರೂ ಉಳಿದಿದ್ದಾರಾ ಅಂತ ವಿಚಾರಿಸೋಕೆ ಈ ಭಾನುವಾರ ಸ್ಕೂಟರ್ ತಗೊಂಡು ಹೊರಟಿದ್ದಾರೆ. ಫೋನ್ ಚಾರ್ಜ್ ಮಾಡಿಟ್ಟಿದ್ದೀನಿ, ಹೊಸ ಕಾರ್ಡ್ ಹಾಕಿದ್ದೀನಿ ಅಂತ ನಿನ್ನೆ ರಾತ್ರಿ ಮೆಸೇಜ್ ಬಂತು. ಈ ಬ್ಲಾಗ್ ಓದೋರಲ್ಲಿ ಹುಳಿಯಾರು, ಚಿಕ್ಕನಾಯಕನಹಳ್ಳಿ ಕಡೆಯವರು ಇದ್ದು, ನಿಮ್ಮ ಮನೆಯಲ್ಲಿ ಹಸೆ ಪದ ಹಾಡೋ ಅಜ್ಜಿಯರಿದ್ದರೆ ಕೆಳಗೆ ಒಂದು ಸಾಲು ಬರೆದು ತಿಳಿಸಿ. ಮೇಷ್ಟ್ರಿಗೆ ಮುಟ್ಟಿಸ್ತೀನಿ.